ನಾಗವಲ್ಲಿಗೆ ಚಪ್ಪಾಳೆ ಹೊಡೆಯುವಾಗ

ಶಾಲಾ ವಾರ್ಷಿಕೋತ್ಸವವಿರಲಿ, ಭಜನಾ ಮಂದಿರದ ಸಾಂಸ್ಕೃತಿಕ ಕಾರ್ಯಕ್ರಮವಿರಲಿ, ಕಾಸರಗೋಡಿನ ವೇದಿಕೆಗಳಲ್ಲಿ ನಾಗವಲ್ಲಿ ಇನ್ನೂ ಕುಣಿಯುತ್ತಲೇ ಇದ್ದಾಳೆ. ಕುಂಬಳೆ, ಬದಿಯಡ್ಕದ ಕಡೆ 'ಆಪ್ತಮಿತ್ರ'ದ ಹಾಡಿಗೆ. ಚಂದ್ರಗಿರಿ ಹೊಳೆ ದಾಟಿದರೆ 'ಮಣಿಚಿತ್ರತ್ತಾಳ್'ನ ಹಾಡಿಗೆ. ಎರಡು ಭಾಷೆಯ ನಡುವೆ ಬದುಕುವ ನಮಗೆ ಎರಡೂ ಮನೆಯವೇ. ನಾಲ್ಕನೇ, ಐದನೇ ಕ್ಲಾಸಿನ ಹುಡುಗಿಯರು ಡಾಬು, ಜಡೆಬಿಲ್ಲೆ, ಗೆಜ್ಜೆ ಕಟ್ಟಿಕೊಂಡು ಕಣ್ಣರಳಿಸಿ ಹೆಜ್ಜೆ ಹಾಕುತ್ತಾರೆ. ಅಮ್ಮಂದಿರು ಮೊಬೈಲು ಎತ್ತಿ ಹಿಡಿಯುತ್ತಾರೆ. ಆ ಹಾಡಿನ ಹಿಂದೆ ಒಂದು ಕೊಲೆ ಇದೆಯೆಂದು ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ.

ಫಾಸಿಲ್ ನಿರ್ದೇಶನದ 'ಮಣಿಚಿತ್ರತ್ತಾಳ್' ತೆರೆಗೆ ಬಂದದ್ದು 1993ರಲ್ಲಿ. ಮಧು ಮುಟ್ಟಂ ಬರೆದ ಕಥೆಗೆ ಆಲಪ್ಪುಳ ಜಿಲ್ಲೆಯ ಆಲುಮ್ಮೂಟಿಲ್ ಎಂಬ ತರವಾಡು ಮನೆಯಲ್ಲಿ ಹಿಂದೆ ನಡೆದ ದುರಂತವೊಂದು ಪ್ರೇರಣೆ ಎನ್ನುತ್ತಾರೆ. ನಾಗವಲ್ಲಿಯಾಗಿ ಕುಣಿದ ಶೋಭನಾಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಸದಭಿರುಚಿಯ ಮನರಂಜನೆ ನೀಡಿದ ಜನಪ್ರಿಯ ಚಿತ್ರ ಎಂಬ ರಾಷ್ಟ್ರಪ್ರಶಸ್ತಿಯೂ ಅದರ ಪಾಲಾಯಿತು. ಕನ್ನಡಿಗರಿಗೆ ಅದರಲ್ಲಿ ಗುರುತಿನ ಮುಖಗಳಿದ್ದವು: ನಾಗವಲ್ಲಿಯ ಪ್ರಿಯಕರನಾಗಿ ಕುಣಿದವರು ನಮ್ಮ 'ಸಂತ ಶಿಶುನಾಳ ಶರೀಫ'ದ ಶ್ರೀಧರ್, ಶ್ರೀದೇವಿಯಾಗಿ ನಟಿಸಿದವರು ಉಡುಪಿಯ ವಿನಯಾ ಪ್ರಸಾದ್. 2004ರಲ್ಲಿ ಪಿ. ವಾಸು ಅದನ್ನು 'ಆಪ್ತಮಿತ್ರ'ವಾಗಿ ಕನ್ನಡಕ್ಕೆ ತಂದರು. ಮರುವರ್ಷ ತಮಿಳಿನ 'ಚಂದ್ರಮುಖಿ', 2007ರಲ್ಲಿ ಹಿಂದಿಯ 'ಭೂಲ್ ಭುಲಯ್ಯಾ'. ಕನ್ನಡದಲ್ಲಿ ನಾಗವಲ್ಲಿಯಾಗಿ ಕುಣಿದ ಸೌಂದರ್ಯ, ಚಿತ್ರ ಬಿಡುಗಡೆಯಾಗುವ ಮೊದಲೇ, ಆ ವರ್ಷದ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಹೋಗಿದ್ದರು. ಆ ಕುಣಿತ ನೋಡಿ ಥಿಯೇಟರಿನಲ್ಲಿ ಕಣ್ಣೊರೆಸಿಕೊಂಡವರು ಎಷ್ಟೋ ಜನ.

ಕಥೆ ಇಷ್ಟು. ನಾಗವಲ್ಲಿ ಎಂಬ ತಂಜಾವೂರಿನ ನರ್ತಕಿಯೊಬ್ಬಳನ್ನು ತರವಾಡಿನ ಯಜಮಾನ ಶಂಕರನ್ ತಂಬಿ ತನ್ನ ಮನೆಗೆ ತಂದು ಇರಿಸಿಕೊಳ್ಳುತ್ತಾನೆ. ಅವಳ ಮನಸ್ಸಿರುವುದು ರಾಮನಾಥನ್ ಎಂಬ ನರ್ತಕನಲ್ಲಿ. ಅದು ತಿಳಿದ ತಂಬಿ ದುರ್ಗಾಷ್ಟಮಿಯ ರಾತ್ರಿ ಅವಳನ್ನು ಕೊಲ್ಲುತ್ತಾನೆ. ಕನ್ನಡದಲ್ಲಿ ಯಜಮಾನನ ಜಾಗಕ್ಕೆ ರಾಜ ಬಂದ, ತಮಿಳು ನರ್ತಕಿ ತೆಲುಗಿನವಳಾದಳು. ಕ್ರೌರ್ಯ ಇನ್ನೂ ಹೆಚ್ಚಿತು. ಕೂಡಿಹಾಕಿದ ಹೆಣ್ಣು, ದುಡ್ಡು ಅಧಿಕಾರ ಇರುವ ಗಂಡಸು, ಕೇಳುವವರಿಲ್ಲದ ಸಾವು. ನಾವು ಚಪ್ಪಾಳೆ ಹೊಡೆಯುವ ಹಾಡು ಇದರ ಮೇಲೆ ನಿಂತಿದೆ.

ಸಿನಿಮಾದಲ್ಲಿ ಆ ಹಾಡನ್ನು ಇನ್ನೊಮ್ಮೆ ಗಮನವಿಟ್ಟು ನೋಡಿ. ಎರಡು ಕುಣಿತ ಒಂದರೊಳಗೊಂದು ಹೆಣೆದುಕೊಂಡಿವೆ. ಒಂದರಲ್ಲಿ ದೀಪಗಳ ಬೆಳಕು, ಮೈತುಂಬ ಒಡವೆ, ಜೊತೆಗೆ ಕುಣಿಯುವ ಪ್ರಿಯಕರ. ಅದು, ಎಷ್ಟೋ ಕಾಲದ ಮೇಲೆ ಗಂಡನ ಜೊತೆ ಆ ಮನೆಗೆ ಬಂದು ತಾನೇ ನಾಗವಲ್ಲಿ ಎಂದುಕೊಳ್ಳುವ ಗಂಗಾಳ ತಲೆಯೊಳಗೆ ಮಾತ್ರ ನಡೆಯುತ್ತಿರುವುದು. ಇನ್ನೊಂದರಲ್ಲಿ ಕೂದಲು ಕೆದರಿಕೊಂಡು, ಕಾಡಿಗೆ ಕದಡಿದ ಕಣ್ಣಲ್ಲಿ ಒಬ್ಬಳೇ ಹೆಂಗಸು ಖಾಲಿ ಕೋಣೆಯಲ್ಲಿ ತಿರುಗುತ್ತಿದ್ದಾಳೆ. ಕಟ್ಟಿಕೊಂಡ ಗಂಡ ಮರೆಯಲ್ಲಿ ನಿಂತು ಕಣ್ಣೀರು ಹಾಕುತ್ತಿದ್ದಾನೆ. ನಮ್ಮ ವೇದಿಕೆಗೆ ಬರುವುದು ಮೊದಲನೆಯ ಕುಣಿತ ಮಾತ್ರ. ಎರಡನೆಯದನ್ನು ಕತ್ತರಿಸಿ ಹಾಕಿದ್ದೇವೆ.

ಈ ಗಂಗಾಳಿಗಾದರೂ ಏನಾಗಿತ್ತು? ಅಪ್ಪ ಅಮ್ಮ ದೂರದ ಕಲ್ಕತ್ತದಲ್ಲಿ, ಮಗು ಊರಲ್ಲಿ ಅಜ್ಜಿಯ ಮಡಿಲಲ್ಲಿ. ಅಜ್ಜಿ ಹೇಳಿದ ಕಥೆಗಳೇ ಅವಳ ಲೋಕ. ಒಂದು ದಿನ, ಪರೀಕ್ಷೆಯ ದಿನವೇ, ಅಪ್ಪ ಅಮ್ಮ ಬಂದು ಹೊರಡು ಎನ್ನುತ್ತಾರೆ. ಆ ಮಗುವಿನ ಮನಸ್ಸು ಅಲ್ಲಿಯೇ ಒಡೆಯುತ್ತದೆ. ಗಲ್ಫಿಗೆ ಹೋದ ಅಪ್ಪ ಅಮ್ಮ, ಅಜ್ಜಿಮನೆಯಲ್ಲಿ ಬೆಳೆಯುವ ಮಕ್ಕಳು ನಮ್ಮ ಜಿಲ್ಲೆಗೆ ಹೊಸತಲ್ಲ. ಅದೇ ಮನೆತನದ ಶ್ರೀದೇವಿಯದು ಮತ್ತೊಂದು ಸಂಕಟ. ಜಾತಕದಲ್ಲಿ ಕುಜದೋಷವೆಂದು ಕೂಡಿಬರಬೇಕಿದ್ದ ಮದುವೆ ತಪ್ಪಿತು. ಮನೆಯಲ್ಲಿ ಏನೇ ಅವಘಡವಾದರೂ ಎಲ್ಲರ ಕಣ್ಣು ಅವಳ ಮೇಲೆ. ತಪ್ಪೇ ಮಾಡದವಳನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ. ನಗುನಗುತ್ತ ನೋಡುವ ಸಿನಿಮಾದಲ್ಲಿ ಮೂವರು ಹೆಂಗಸರ ಬಾಳು ಹೀಗೆ ಹೋಗಿದೆ.

ಈ ಕತ್ತಲು ನಮ್ಮ ನೆಲಕ್ಕೆ ಅಪರಿಚಿತವೇನಲ್ಲ. ತುಲಾ ಮಾಸದ ಹತ್ತು ಕಳೆದರೆ ನೀಲೇಶ್ವರ, ಚೆರುವತ್ತೂರು, ತೃಕ್ಕರಿಪುರದ ಕಾವುಗಳಲ್ಲಿ ತೆಯ್ಯಂ ಶುರು. ಅಲ್ಲಿ ದೈವವಾಗಿ ಏಳುವ ಮುಚ್ಚಿಲೋಟು ಭಗವತಿ ಯಾರು? ಪಂಡಿತರನ್ನು ವಾದದಲ್ಲಿ ಸೋಲಿಸಿದ ಬ್ರಾಹ್ಮಣ ಕನ್ಯೆ. ನೋವುಗಳಲ್ಲಿ ದೊಡ್ಡದು ಯಾವುದೆಂದು ಕೇಳಿದ್ದಕ್ಕೆ ಹೆರಿಗೆಯ ನೋವು ಎಂದಳು, ಸುಖಗಳಲ್ಲಿ ದೊಡ್ಡದು ಕಾಮಸುಖ ಎಂದಳು. ಮದುವೆಯಾಗದವಳಿಗೆ ಇದು ಹೇಗೆ ಗೊತ್ತು ಎಂದು ಜಾತಿಯಿಂದ ಹೊರಹಾಕಿದರು. ಅವಳು ಬೆಂಕಿಗೆ ಬಿದ್ದಳು. ಕಡಾಂಗೋಟು ಮಾಕ್ಕಂ ಹನ್ನೆರಡು ಅಣ್ಣಂದಿರ ಒಬ್ಬಳೇ ತಂಗಿ. ಅತ್ತಿಗೆಯರ ಚಾಡಿಮಾತು ನಂಬಿದ ಅಣ್ಣಂದಿರು, ಬಾವಿಯಲ್ಲಿ ಹಗಲು ನಕ್ಷತ್ರ ಕಾಣುತ್ತದೆ ನೋಡು ಎಂದು ಕರೆದು, ಅವಳು ಬಗ್ಗಿದಾಗ ಕತ್ತು ಕಡಿದರು. ಇಬ್ಬರು ಮಕ್ಕಳನ್ನೂ ಬಿಡಲಿಲ್ಲ. ಇವರ ಕಥೆಯನ್ನು ತೋಟ್ಟಂ ಎಂಬ ಹಾಡಿನಲ್ಲಿ ಮೊದಲಿಂದ ಕೊನೆಯವರೆಗೆ ಹಾಡುತ್ತಾರೆ. ಆಮೇಲೆಯೇ ತೆಯ್ಯಂ ಏಳುವುದು. ಕೊಂದವರ ವಂಶದವರೂ ಕೈಮುಗಿದು ನಿಲ್ಲಬೇಕು, ಅವಳ ಮಾತು ಕೇಳಬೇಕು. ಅನ್ಯಾಯವಾಗಿ ಸತ್ತ ಹೆಣ್ಣನ್ನು ಈ ನೆಲ ದೇವರು ಮಾಡಿತು. ಸಿನಿಮಾ ನಾಗವಲ್ಲಿಯನ್ನು ಓಡಿಸಬೇಕಾದ ಕಾಟ ಮಾಡಿತು. ತಂಬಿಯೆಂದು ನಂಬಿಸಿ ಒಂದು ಬೊಂಬೆಯನ್ನು ಕಡಿಯಲು ಬಿಟ್ಟು ಅವಳನ್ನು ಸಾಗಹಾಕಿದರು. ಗಂಗಾಳ ಪ್ರಾಣ ಉಳಿಯಲು ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಆದರೆ ನಾಗವಲ್ಲಿಗೆ ನ್ಯಾಯ ಎಲ್ಲಿ ಸಿಕ್ಕಿತು? ಮೂಲ ಚಿತ್ರವಾದರೂ ಇದು ಭೂತವಲ್ಲ, ಮನಸ್ಸಿನ ಕಾಯಿಲೆ ಎಂದು ಸ್ಪಷ್ಟವಾಗಿ ಹೇಳಿತ್ತು. ನಂತರ ಬಂದ ಮುಂದುವರಿಕೆಗಳು ಅದನ್ನೂ ಮರೆತು ದೆವ್ವದ ಕಥೆಯನ್ನೇ ಮಾರಿದವು. ಮಕ್ಕಳ ಬಾಯಲ್ಲಿ ನಾಗವಲ್ಲಿ ಎಂದರೆ ಈಗ ಹೆದರಿಸುವ ಹೆಸರು.

ಮಕ್ಕಳಿಗೆ ಇಂಥದ್ದೆಲ್ಲ ಯಾಕೆ ಹೇಳಬೇಕು ಎಂದು ಕೇಳುವವರಿದ್ದಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ನಾವು. ನಮ್ಮ ಮಕ್ಕಳು ಅಜ್ಜನ ಪಕ್ಕ ಚಾಪೆ ಹಾಸಿ ಕೂತು 'ಕೀಚಕವಧೆ' ನೋಡಿಯೇ ದೊಡ್ಡವರಾದದ್ದು. ಸೈರಂಧ್ರಿಗೆ ಏನಾಯಿತೆಂದು ಅವರಿಗೆ ಗೊತ್ತು, ಯಾರು ಸುಮ್ಮನೆ ಕೂತರೆಂಬುದೂ ಗೊತ್ತು. ಯಾಕೆಂದರೆ ಯಕ್ಷಗಾನದಲ್ಲಿ ಭಾಗವತರ ಪದ್ಯ, ಕುಣಿತ ಆದಮೇಲೆ ಅರ್ಥ ಹೇಳದೆ ವೇಷಧಾರಿ ಒಳಗೆ ಹೋಗುವ ಹಾಗಿಲ್ಲ. ಕುಣಿದವಳೇ ಬಾಯಿಬಿಟ್ಟು ತನ್ನ ಸಂಕಟ ಹೇಳಬೇಕು. ಕ್ಯಾಸೆಟ್ಟಿನ ಕಾಲದಿಂದ ಬಂದ ಸಿನಿಮಾ ಹಾಡಿನ ಕುಣಿತಕ್ಕೆ ಆ ಅರ್ಥವೊಂದೇ ಇಲ್ಲದ್ದು.

ಆದ್ದರಿಂದ ಡ್ಯಾನ್ಸ್ ಕಲಿಸುವ ಟೀಚರುಗಳಲ್ಲಿ, ಅಪ್ಪ ಅಮ್ಮಂದಿರಲ್ಲಿ ನನ್ನ ಕೋರಿಕೆ ಇಷ್ಟೆ. ನಾಗವಲ್ಲಿಯ ಕುಣಿತವನ್ನು ನಿಲ್ಲಿಸಬೇಡಿ, ಅದು ಚೆಂದದ ಕುಣಿತ. ಹೆಜ್ಜೆ ಕಲಿಸುವ ಮೊದಲು ಆ ಹುಡುಗಿಯನ್ನು ಕೂರಿಸಿ ನಾಗವಲ್ಲಿ ಯಾರು, ಅವಳನ್ನು ಯಾರು ಕೊಂದರು, ಯಾಕೆ ಕೊಂದರು ಎಂದು ಅವಳ ವಯಸ್ಸಿಗೆ ತಕ್ಕ ಹಾಗೆ ಹೇಳಿ. ಈ ವರ್ಷದ ವಾರ್ಷಿಕೋತ್ಸವದಲ್ಲಿ ಹಾಡು ಹಾಕುವ ಮುಂಚೆ ಅವಳ ಕೈಗೆ ಮೈಕು ಕೊಟ್ಟು, ಎರಡು ನಿಮಿಷ ಅವಳಿಂದಲೇ ಅರ್ಥ ಹೇಳಿಸಿ.