ಅನುಭವಿಸುವುದೋ, ಕಾಯುವುದೋ?

ವಸ್ತುವ್ಯಾಮೋಹ ಬಿಡಿ ಎಂದು ಹೇಳುವುದು ಬಹಳ ಸುಲಭ. ಆದರೆ ಸಂಸಾರಿಗಳಿಗೆ ಮನೆ ಬೇಕು, ಪಾತ್ರೆ ಪಡಗ ಬೇಕು, ಮಗಳ ಮದುವೆಗೆ ಒಂದಿಷ್ಟು ಬಂಗಾರವೂ ಬೇಕು. ಬೇಡ ಅನ್ನೋದಕ್ಕೆ ನಾನೇನು ಸನ್ಯಾಸಿಯಲ್ಲ, ಸಂಬಳದ ಮೇಲೆ ಬದುಕುವ ಗುಮಾಸ್ತ. ನನ್ನ ಪ್ರಶ್ನೆ ಬೇರೆ. ಇರುವ ವಸ್ತುವನ್ನು ನಾವು ಅನುಭವಿಸುತ್ತೇವೋ, ಬರೀ ಕಾಯುತ್ತೇವೋ?

ನಮ್ಮ ಕಛೇರಿ ಕಿಟಕಿಯಿಂದ ಚಪ್ಪಲಿ ಬಿಡುವ ಜಾಗ ಕಾಣುತ್ತದೆ. ಅಷ್ಟು ಮೆಟ್ಟಿಲು ಹತ್ತಿ, ಸಾಲಿನಲ್ಲಿ ತಾಸುಗಟ್ಟಲೆ ನಿಂತು, ಮಂಗಳಾರತಿ ಹೊತ್ತಿಗೆ ಸರಿಯಾಗಿ ಹಿಂದಕ್ಕೆ ತಿರುಗಿ ತಿರುಗಿ ನೋಡುವವರಿದ್ದಾರೆ. ಹೊಸ ಚಪ್ಪಲಿ ಹಾಕಿಕೊಂಡು ಬಂದವರ ಪಾಡು ಅದು. ಹಳೇ ಹವಾಯಿ ಚಪ್ಪಲಿಯವರಿಗೆ ಕಣ್ತುಂಬ ದರ್ಶನ! ಚಪ್ಪಲಿ ಹೋದರೆ ಶನಿ ಬಿಟ್ಟಿತು ಅಂತ ಹಿರಿಯರು ಸಮಾಧಾನ ಹೇಳುತ್ತಾರಲ್ಲ, ವಸ್ತು ಹೋದ ಮೇಲಾದರೂ ಮನಸ್ಸು ಹಗುರಾಗಲಿ ಎಂದೇ ಇರಬೇಕು.

ಮನೆಯಲ್ಲೂ ಇದೇ ಕಥೆ. ಉಟ್ಟರೆ ಹಾಳಾಗುತ್ತದೆಂದು ರೇಷ್ಮೆ ಸೀರೆಯನ್ನು ಬೀರುವಿನಲ್ಲಿ ನುಸಿ ಗುಳಿಗೆ ಹಾಕಿ ಇಡುತ್ತೇವೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದರೆ ಜರಿಯ ಹತ್ತಿರ ಅದು ಮಡಿಕೆಯುದ್ದಕ್ಕೂ ತಾನೇ ಪಿಸಿಯುತ್ತದೆ. ಉಟ್ಟು ಹರಿದದ್ದಲ್ಲ, ಉಡದೇ ಹರಿದದ್ದು. ಇನ್ನು ಚಿನ್ನ ಬ್ಯಾಂಕಿನ ಲಾಕರಿನಲ್ಲಿ, ಮದುವೆಮನೆಯಲ್ಲಿ ಕತ್ತಿಗೆ ಒನ್ ಗ್ರಾಂ ಗೋಲ್ಡ್ ಸರ. ಲಾಕರಿಗೆ ಬಾಡಿಗೆ ಬೇರೆ.

ಹಾಗಂತ ಇಲ್ಲದವರ ಮುಂದೆ ಹೋಗಿ ಆಸೆ ಬಿಡಪ್ಪಾ ಅನ್ನಬಾರದು. ಸೋರುವ ಮಾಡಿಗೆ ಹೆಂಚು ಬೇಕು ಅನ್ನೋದು ವ್ಯಾಮೋಹವಲ್ಲ. ಅಜ್ಜಿ ಕಾಲದ ಕಂಚಿನ ತಟ್ಟೆಯಲ್ಲಿ ದಿನಾ ಉಣ್ಣುವವನಿಗೆ ಆ ತಟ್ಟೆ ಮೇಲೆ ಪ್ರೀತಿ ಇದ್ದರೆ ಅದೂ ತಪ್ಪಲ್ಲ, ಅವನು ಅದನ್ನು ಅನುಭವಿಸುತ್ತಿದ್ದಾನೆ.

ಹಾಗಾದರೆ ಎಷ್ಟಕ್ಕೆ ನಿಲ್ಲಿಸಬೇಕು? 12ನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ, ಮಾರಯ್ಯ ದಂಪತಿಗಳ ಕಥೆ ನಿಮಗೆ ಗೊತ್ತಿದ್ದೀತು. ಈಗಿನ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು. ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದೇ ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಕದ್ದದ್ದಲ್ಲ, ಆಯ್ದದ್ದೇ. ಆದರೂ ಲಕ್ಕಮ್ಮ ಒಪ್ಪಲಿಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದಳಂತೆ. ಅವರೇನು ಸುಖ ಬಿಟ್ಟವರಲ್ಲ. ಬಂದವರಿಗೆ ಬಡಿಸಿ ತಾವೂ ಉಣ್ಣುವ ಸುಖ ಅವರಿಗಿತ್ತು. ನಾಳೆಗೆ ಕೂಡಿಟ್ಟ ಅಕ್ಕಿಗೆ ಇಲಿ, ಹುಳ, ಕಳ್ಳ, ಮೂರನ್ನೂ ಕಾಯುವ ಕೆಲಸ ಮಾತ್ರ ಇರಲಿಲ್ಲ.

ಎಲ್ಲರೂ ಲಕ್ಕಮ್ಮನಷ್ಟು ಗಟ್ಟಿ ಆಗೋದು ಕಷ್ಟ. ಜೈನರಲ್ಲಿ ಗೃಹಸ್ಥರಿಗೆ ಒಂದು ದಾರಿ ಇದೆ, ಐದು ಅಣುವ್ರತಗಳಲ್ಲಿ ಒಂದಾದ ಪರಿಗ್ರಹ ಪರಿಮಾಣ. ಮುನಿಗಳಿಗೆ ಪೂರ್ತಿ ತ್ಯಾಗ, ಗೃಹಸ್ಥರಿಗೆ ಬರೀ ಮಿತಿ. ಹೊಲ, ಮನೆ, ಬೆಳ್ಳಿ, ಬಂಗಾರ, ದನ, ಧಾನ್ಯ ಎಲ್ಲಕ್ಕೂ ತಾನೇ ಇಷ್ಟು ಸಾಕು ಅಂತ ಗೆರೆ ಹಾಕಿಕೊಳ್ಳಬೇಕು. ಬೇರೆಯವರು ಹಾಕುವ ಗೆರೆಯಲ್ಲ, ಅದೇ ಇದರ ಚೆಂದ.

ಇದು ಯಾರು ಬೇಕಾದರೂ ಮಾಡಿ ನೋಡಬಹುದು. ಒಂದು ಭಾನುವಾರ ನಾನೂ ಹಾಳೆ ತಗೊಂಡು ಕೂತೆ. ಪಂಚೆ, ಅಂಗಿ, ಕುರ್ಚಿ ತನಕ ಸಲೀಸಾಗಿ ಬರೆದೆ. ಅಟ್ಟದ ಮೇಲಿನ ಸ್ಟೀಲ್ ಡಬ್ಬಗಳ ಹತ್ತಿರ ಬಂದಾಗ ನಮ್ಮನೆಯವರು ಪೆನ್ನು ಕಿತ್ತುಕೊಂಡರು.