ನಾಯಿಯನ್ನು ಒಲ್ಲದವರು

ಮೊನ್ನೆ ಭಾನುವಾರ ಸಂಜೆ ಮಿತ್ರರೊಬ್ಬರ ಮನೆಗೆ ಹೋಗಿದ್ದೆ. ಗೇಟಿನ ಅಗುಳಿಗೆ ಕೈಹಾಕಿದ್ದೇ ತಡ, ಕರುವಿನಷ್ಟೆತ್ತರದ ನಾಯಿಯೊಂದು ಒಳಗಿನಿಂದ ಹಾರಿಬಂದು ಮುಂಗಾಲೆರಡನ್ನೂ ನನ್ನ ಎದೆಯ ಮೇಲೆ ಊರಿ ನಿಂತಿತು. ನಾನು ನಿಂತಲ್ಲೇ ಕಲ್ಲಾದೆ. ಮಿತ್ರರು ವರಾಂಡದಿಂದಲೇ ನಗುತ್ತ, “ಅದು ಏನೂ ಮಾಡೋದಿಲ್ಲ, ಬನ್ನಿ ಮೇಷ್ಟ್ರೆ” ಎಂದರು. ನಾಯಿ ಸಾಕಿದವರೆಲ್ಲರೂ ಆಡುವ ಮಾತು ಇದು. ಅದು ಏನೂ ಮಾಡುವುದಿಲ್ಲವೆಂಬುದು ಅವರಿಗೆ ಗೊತ್ತು, ನಾಯಿಗೂ ಗೊತ್ತಿರಬಹುದು, ಗೊತ್ತಿಲ್ಲದವನು ನಾನೊಬ್ಬನೇ.

ಕಾಫಿ ಬರುವ ವೇಳೆಗೆ ನಾಯಿ ಕುರ್ಚಿಯ ಬಳಿ ಮಲಗಿ ನಿದ್ದೆ ಹೋಗಿತ್ತು. ನಾನು ಮಾತ್ರ ಕಾಲುಗಳನ್ನು ಮೇಲಕ್ಕೆಳೆದುಕೊಂಡೇ ಕುಳಿತಿದ್ದೆ. ಮಿತ್ರರು ತಾವು ಬರುವ ವರ್ಷ ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿ ಆರು ತಿಂಗಳು ಇದ್ದುಬರುವ ವಿಚಾರ ಹೇಳುತ್ತಿದ್ದವರು, ನಡುವೆ ನನ್ನ ಅವಸ್ಥೆಯನ್ನು ಕಂಡು, “ಸಾಹಿತ್ಯ ಪಾಠ ಮಾಡೋ ನಿಮಗೆ ನಾಯಿ ಕಂಡರೆ ಆಗೋದಿಲ್ಲ ಅಂದರೆ ಆಶ್ಚರ್ಯ. ಒಂದು ಮೂಕಪ್ರಾಣೀನ ಪ್ರೀತಿಸಲಾರದೋರು ಮನುಷ್ಯರನ್ನ ಹೇಗೆ ಪ್ರೀತಿಸ್ತಾರೆ?” ಎಂದರು. ತಮಾಷೆಗೆ ಆಡಿದ ಮಾತೇ. ಆದರೂ ಮನೆಗೆ ಬಂದ ಮೇಲೂ ಅದು ನನ್ನನ್ನು ಬಿಡಲಿಲ್ಲ. ನಾಯಿಯನ್ನು ಒಲ್ಲದಿರುವುದು ಹಾಗಲಕಾಯಿಯನ್ನು ಒಲ್ಲದಿರುವಂತೆ ಬರಿಯ ರುಚಿಯ ಮಾತೋ, ಅಥವಾ ಹೃದಯದ ಒಂದು ಬಡತನವೋ?

ಮೊದಲು ನನ್ನ ಪಕ್ಷದ ವಕಾಲತ್ತು ವಹಿಸುತ್ತೇನೆ. ನಾಯಿಯನ್ನು ಒಲ್ಲದವರಲ್ಲಿ ಬಹುಮಂದಿ ದ್ವೇಷಿಗಳಲ್ಲ, ಅಂಜಿದವರು. ನಾನು ಹುಡುಗನಾಗಿದ್ದ ಕಾಲದಲ್ಲಿ, ಎಂದರೆ 1980ರ ದಶಕದಲ್ಲಿ, ನಾಯಿ ಕಚ್ಚಿತೆಂದರೆ ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂಬುದು ಮನೆಮನೆಯ ಮಾತು. ನಮ್ಮ ಬೀದಿಯ ಹುಡುಗನೊಬ್ಬನನ್ನು ದಿನವೂ ಆಸ್ಪತ್ರೆಗೆ ಎಳೆದೊಯ್ಯುತ್ತಿದ್ದಾಗ ಅವನು ಇಡುತ್ತಿದ್ದ ಕೂಗು ಇಂದಿಗೂ ನನ್ನ ಕಿವಿಯಲ್ಲಿದೆ. ಆ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೆ ನಿಂತಿತು. ಈಗ ತೋಳಿಗೆ ಕೊಡುವ ಕೆಲವೇ ಚುಚ್ಚುಮದ್ದುಗಳಲ್ಲಿ ಕೆಲಸ ಮುಗಿಯುತ್ತದೆ. ಆದರೆ ಲೂಯಿ ಪಾಶ್ಚರ್ 1885ರಲ್ಲಿ ಒಂಬತ್ತು ವರ್ಷದ ಬಾಲಕನಿಗೆ ಮೊದಲ ಲಸಿಕೆ ಕೊಟ್ಟಂದಿನಿಂದ ಇಂದಿನವರೆಗೂ ಬದಲಾಗದ ಒಂದು ಸಂಗತಿಯಿದೆ: ರೇಬಿಸ್‌ನ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡವೆಂದರೆ ರೋಗಿ ಉಳಿಯುವುದು ಇಲ್ಲವೆನ್ನುವಷ್ಟು ವಿರಳ. ಸಾಕಿದ ನಾಯಿಗೆ ಲಸಿಕೆ ಹಾಕಿಸಿದೆ ಎಂದು ಬುದ್ಧಿಗೆ ಹೇಳಬಹುದು. ಆದರೆ ಅಂಜಿಕೆ ಇರುವುದು ಬುದ್ಧಿಯಲ್ಲಲ್ಲವಲ್ಲ!

ಇನ್ನೊಂದು ಕಾರಣವನ್ನು ನಾಯಿ ಸಾಕಿದವರು ಅಷ್ಟಾಗಿ ಗಮನಿಸಿದಂತಿಲ್ಲ. “ನಾಯಿ ಇದೆ, ಎಚ್ಚರಿಕೆ” ಎಂಬ ಹಲಗೆ ಯಾರಿಗಾಗಿ? ಕಾರಿನಲ್ಲಿ ಬಂದಿಳಿಯುವ ನೆಂಟರಿಗಾಗಿ ಅಲ್ಲ. ಅವರು ಬಂದಾಗ ಯಜಮಾನರೇ ಹೊರಗೆ ಬಂದು ನಾಯಿಯ ಕೊರಳಪಟ್ಟಿ ಹಿಡಿದು ನಿಲ್ಲುತ್ತಾರೆ. ಹಾಲಿನವನು, ಪೇಪರ್ ಹಾಕುವ ಹುಡುಗ, ಅಂಚೆಯವನು, ಪಾತ್ರೆ ತೊಳೆಯಲು ಬರುವಾಕೆ—ಇವರು ಮಾತ್ರ ನಾಯಿಯನ್ನು ತಾವೇ ಎದುರಿಸಬೇಕು. ಬಟ್ಟೆ ನೋಡಿ ಬೊಗಳುವುದನ್ನು ನಾಯಿ ತಾನಾಗಿ ಕಲಿಯಿತೋ, ಮನೆಯವರಿಂದ ಕಲಿಯಿತೋ, ಹೇಳುವುದು ಕಷ್ಟ. ಹೀಗೆ ದಿನವೂ ನಾಲ್ಕಾರು ಗೇಟುಗಳ ಮುಂದೆ ಎದೆ ಹೊಡೆದುಕೊಳ್ಳುತ್ತ ನಿಲ್ಲುವವರಿಗೆ “ನಿಮಗೆ ಪ್ರಾಣಿದಯೆ ಇಲ್ಲ” ಎಂದು ಹೇಳುವ ಧೈರ್ಯ ನನಗಂತೂ ಇಲ್ಲ.

ಆದರೆ ನಮ್ಮ ಪಕ್ಷದಲ್ಲಿ ನಾನು ಒಪ್ಪಲಾರದ ಕಾರಣವೂ ಒಂದಿದೆ. ಅದು ಮೈಲಿಗೆ. ನಾಯಿಯನ್ನು ಹೊರಗಿಟ್ಟ ಹೊಸ್ತಿಲೇ ಮನುಷ್ಯರನ್ನೂ ಹೊರಗಿಟ್ಟಿತ್ತು. “ಶ್ವಪಚ” ಎಂಬ ಸಂಸ್ಕೃತ ಶಬ್ದ ಅದಕ್ಕೆ ಸಾಕ್ಷಿ. ನಾಯಿಯ ಹೆಸರನ್ನು ಮನುಷ್ಯರಿಗಂಟಿಸಿ ಇಬ್ಬರನ್ನೂ ಒಂದೇ ಏಟಿಗೆ ದೂರವಿಟ್ಟ ಶಬ್ದ ಅದು. ಕನ್ನಡಿಗರ ನಾಲಗೆಯೂ ಈ ವಿಷಯದಲ್ಲಿ ನೇರವಾಗಿಲ್ಲ. ನಿಯತ್ತಿಗೆ ನಾಯಿಯನ್ನೇ ಉದಾಹರಿಸುತ್ತೇವೆ. ಬೈಯಬೇಕಾದಾಗಲೂ ಅದರ ಹೆಸರನ್ನೇ ಹಿಡಿಯುತ್ತೇವೆ. ಹಾಗೆಂದು ನಾಡು ನಾಯಿಯನ್ನು ಗೌರವಿಸಿಯೇ ಇಲ್ಲವೆನ್ನುವಂತಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949-50ರದು. ಒಡೆಯನು ಮೆಚ್ಚಿ ವರ ಕೇಳೆಂದಾಗ ಮಣಲೇರನೆಂಬ ವೀರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಾಗ ಅದಕ್ಕೊಂದು ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಈ ಕಲ್ಲನ್ನು ನೋಡಬಹುದು. ಕೆತ್ತಿದ ನಾಯಿಯ ಮುಂದೆ ನನ್ನಂಥವರೂ ನಿರ್ಭಯವಾಗಿ ನಿಲ್ಲಬಹುದು.

ಈ ಕಾರಣಗಳೆಲ್ಲ ಕಳೆದ ಮೇಲೂ ನನ್ನಲ್ಲಿ ಒಂದು ಉಳಿಯುತ್ತದೆ. ನಾಯಿಯ ಪ್ರೀತಿ ಯೋಗ್ಯತೆಯನ್ನು ನೋಡುವುದಿಲ್ಲ. ಒಳ್ಳೆಯವನಿಗೂ ಅದು ಬಾಲ ಅಲ್ಲಾಡಿಸುತ್ತದೆ, ಹೆಂಡತಿಯನ್ನು ಹೊಡೆದು ಬಂದವನಿಗೂ ಅಲ್ಲಾಡಿಸುತ್ತದೆ. ಇದೇ ಅದರ ಹಿರಿಮೆಯೆಂದು ಮಿತ್ರರು ಹೇಳುತ್ತಾರೆ. ನನಗೆ ಇದೇ ಮುಜುಗರ. ಇಪ್ಪತ್ತು ವರ್ಷ ತರಗತಿಯಲ್ಲಿ ನಿಂತವನಿಗೆ, ಹೇಳಿದ್ದಕ್ಕೆಲ್ಲ ತಲೆಯಾಡಿಸುವ ವಿದ್ಯಾರ್ಥಿಗಿಂತ ಎದ್ದು ಪ್ರಶ್ನೆ ಕೇಳುವವನೇ ಹೆಚ್ಚು ಬೇಕಾದವನು. ನಾನು ಗಳಿಸದ ಭಕ್ತಿಯನ್ನು ಹೊತ್ತುಕೊಂಡು ಒಂದು ಜೀವ ನನ್ನ ಮುಖವನ್ನೇ ನೋಡುತ್ತ ಕುಳಿತರೆ, ನನಗೆ ಹೆಮ್ಮೆಯಾಗುವುದಕ್ಕಿಂತ ಭಯವಾಗುತ್ತದೆ. ಅಷ್ಟು ದೊಡ್ಡ ಸಾಲವನ್ನು ತೀರಿಸುವುದು ಹೇಗೆ?

ಸಾಲವೆಂದಾಗ ಮಹಾಭಾರತದ ನೆನಪಾಗುತ್ತದೆ. ಅದರ ಆದಿಪರ್ವದ ಮೊದಲಲ್ಲಿಯೇ ಒಂದು ನಾಯಿ ಬರುತ್ತದೆ. ಜನಮೇಜಯನ ಯಾಗಶಾಲೆಗೆ ಬಂದ ಸರಮೆಯ ಮರಿಯನ್ನು ಅವನ ತಮ್ಮಂದಿರು ಹೊಡೆದು ಅಟ್ಟುತ್ತಾರೆ. ತಾಯಿ ಬಂದು ಕೇಳುತ್ತಾಳೆ: ನನ್ನ ಮಗ ಹವಿಸ್ಸನ್ನು ಮುಟ್ಟಲಿಲ್ಲ, ನೋಡಲೂ ಇಲ್ಲ, ಏಕೆ ಹೊಡೆದಿರಿ? ಯಾರ ಬಳಿಯೂ ಉತ್ತರವಿಲ್ಲ. ಕಾಣದ ಭಯವೊಂದು ನಿಮ್ಮನ್ನು ಮುಟ್ಟಲಿ ಎಂದು ಶಪಿಸಿ ಹೋಗುತ್ತಾಳೆ. ಮಹಾಪ್ರಸ್ಥಾನದಲ್ಲಿ ಮತ್ತೊಂದು ನಾಯಿ ಬರುತ್ತದೆ. ಅದನ್ನು ಬಿಟ್ಟು ರಥವೇರು ಎಂದು ಇಂದ್ರ ಎಷ್ಟು ಹೇಳಿದರೂ ಧರ್ಮರಾಯ ಒಪ್ಪುವುದಿಲ್ಲ. ಈ ಪ್ರಸಂಗವನ್ನು ನಾಯಿಪ್ರೇಮದ ಕಥೆಯೆಂದು ಹೇಳುವುದನ್ನು ಕೇಳಿದ್ದೇನೆ. ಆದರೆ ಧರ್ಮರಾಯ ಆ ನಾಯಿಯನ್ನು ಮುದ್ದಿಸಿದನೆಂದಾಗಲಿ, ಅದಕ್ಕೊಂದು ಹೆಸರಿಟ್ಟು ಕರೆದನೆಂದಾಗಲಿ ಅಲ್ಲಿಲ್ಲ. ಅವನು ಹೇಳುವುದು ಇಷ್ಟೇ: ಇದು ನನ್ನನ್ನು ನಂಬಿ ಬಂದಿದೆ, ನಂಬಿದವರನ್ನು ಬಿಡಲಾರೆ. ತನ್ನ ಮನೋಭಾವಕ್ಕೆ ಅವನು ಕೊಡುವ ಹೆಸರು ಪ್ರೀತಿಯಲ್ಲ, ಆನೃಶಂಸ್ಯ, ಎಂದರೆ ಕ್ರೂರನಾಗದಿರುವುದು. ಒಂದು ನಾಯಿ ತಪ್ಪಿಲ್ಲದೆ ಏಟು ತಿಂದಿತು, ಇನ್ನೊಂದನ್ನು ಸ್ವರ್ಗಕ್ಕಾಗಿಯೂ ಕೈಬಿಡಲಿಲ್ಲ. ಇವೆರಡರ ನಡುವೆ ನಾಯಿಯನ್ನು ಮೆಚ್ಚಬೇಕೆಂಬ ವಿಧಿ ಎಲ್ಲಿಯೂ ಇಲ್ಲ.

ಇದನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಮುಂಚೆಯೇ ನಮ್ಮ ಹಿತ್ತಿಲಲ್ಲಿ ಕಂಡಿದ್ದೆ. ನಮ್ಮ ಪಕ್ಕದ ಮನೆಗೆ ಅಧಿಕಾರಿಯೊಬ್ಬರು ವರ್ಗವಾಗಿ ಬಂದರು. ಬಂದ ತಿಂಗಳಲ್ಲೇ ಒಂದು ಮರಿ ತಂದರು. ಅದಕ್ಕೆ ಹಾಲು, ಬಿಸ್ಕತ್ತು, ಚಳಿಗಾಲದಲ್ಲಿ ಕಂಬಳಿ. ಮಕ್ಕಳ ಜೊತೆ ಹಾಸಿಗೆಯಲ್ಲೇ ನಿದ್ದೆ. ನನ್ನ ತಾಯಿಗೆ ನಾಯಿ ಕಂಡರಾಗದು. ಅದು ಬೇಲಿ ದಾಟಿದರೆ ಸಾಕು, ಸೌದೆ ತೋರಿಸಿ ಗದರುತ್ತಿದ್ದಳು. ಮೂರು ವರ್ಷಕ್ಕೆ ಆ ಮನೆಯವರಿಗೆ ಮತ್ತೆ ವರ್ಗವಾಯಿತು. ಲಾರಿಯಲ್ಲಿ ಹೂಕುಂಡಗಳಿಗೂ ಜಾಗವಾಯಿತು, ನಾಯಿಗಾಗಲಿಲ್ಲ. ಮಕ್ಕಳು ಅದನ್ನು ತಬ್ಬಿಕೊಂಡು ಅತ್ತರು. ಆ ಅಳು ಸುಳ್ಳಲ್ಲ. ಲಾರಿ ಹೋದ ಮೇಲೆ ನಾಯಿ ಬೀಗ ಹಾಕಿದ ಬಾಗಿಲ ಮುಂದೆ ಎರಡು ದಿನ ಮಲಗಿತ್ತು. ಮೂರನೆಯ ದಿನ ರಾತ್ರಿ ತಾಯಿ ಉಳಿದ ಮುದ್ದೆ ಸಾರು ಕಲಸಿ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಬಂದಳು. “ನಿನಗೆ ನಾಯಿ ಆಗೋದಿಲ್ಲವಲ್ಲಮ್ಮ” ಎಂದೆ. “ಆಗೋದಿಲ್ಲ. ಹಾಗಂತ ಅದಕ್ಕೆ ಹಸಿವಾಗೋದಿಲ್ಲವೇನೋ?” ಎಂದಳು. ಏಳು ವರ್ಷ, ಅದು ಸಾಯುವವರೆಗೆ, ಆ ಕಲ್ಲಿನ ಮೇಲೆ ರಾತ್ರಿಯ ಊಟ ತಪ್ಪಲಿಲ್ಲ. ಒಂದು ದಿನವೂ ಅವಳು ಅದನ್ನು ಮುಟ್ಟಲಿಲ್ಲ. ಒಂದು ದಿನವೂ ಅದು ಹೊಸ್ತಿಲು ದಾಟಲಿಲ್ಲ.

ಇಬ್ಬರಲ್ಲಿ ಯಾರು ನಾಯಿಯನ್ನು ಪ್ರೀತಿಸಿದವರು? ನಿಸ್ಸಂದೇಹವಾಗಿ ಪಕ್ಕದ ಮನೆಯವರೇ. ಆದರೆ ನಾಯಿಯ ಋಣ ತೀರಿಸಿದವಳು ನನ್ನ ತಾಯಿ. ಪ್ರೀತಿ ನಮ್ಮ ಕೈಯಲ್ಲಿಲ್ಲ. ಅದು ಬಂದರೆ ಭಾಗ್ಯ, ಬಾರದಿದ್ದರೆ ಅಪರಾಧವಲ್ಲ. ಹೊಡೆಯದಿರುವುದು, ಹಸಿದದ್ದಕ್ಕೆ ತುತ್ತು ಹಾಕುವುದು, ನಂಬಿಸಿದ ಮೇಲೆ ಕೈಬಿಡದಿರುವುದು—ಇವು ನಮ್ಮ ಕೈಯಲ್ಲಿವೆ. ಇವುಗಳ ಲೆಕ್ಕ ಕೇಳಿದರೆ ನಾಯಿಯನ್ನು ಒಲ್ಲದವನೂ ತಲೆತಗ್ಗಿಸಬೇಕಾಗಿಲ್ಲ, ಒಲಿದವನೂ ಬೀಗಬೇಕಾಗಿಲ್ಲ. ಕೊನೆಯವರೆಗೆ ನಡೆಸಲಾರೆನೆಂದು ತಿಳಿದು ನಾಯಿಯನ್ನು ತಾರದಿರುವವನಲ್ಲಿಯೂ ಒಂದು ಬಗೆಯ ಪ್ರಾಮಾಣಿಕತೆಯಿದೆಯಷ್ಟೆ.

ಬರುವ ಭಾನುವಾರ ಮತ್ತೆ ಆ ಮಿತ್ರರ ಮನೆಗೆ ಹೋಗಬೇಕಾಗಿದೆ. ಈ ಸಲ ಗೇಟಿನ ಹೊರಗೇ ನಿಂತು ಕೂಗುತ್ತೇನೆ. ಕಾಫಿ ಕುಡಿಯುತ್ತ, ಅವರ ಪ್ರಶ್ನೆಗೆ ಬದಲಾಗಿ ನನ್ನದೊಂದು ಪ್ರಶ್ನೆ ಕೇಳಬೇಕೆಂದಿದ್ದೇನೆ: ನೀವು ಅಮೆರಿಕದಲ್ಲಿರುವ ಆರು ತಿಂಗಳು ಇದು ಎಲ್ಲಿರುತ್ತದೆ? ಅದಕ್ಕೆ ಅವರಲ್ಲಿ ನೆಟ್ಟಗಿನ ಉತ್ತರವಿದ್ದರೆ, ಆ ಮುಂಗಾಲುಗಳ ಭಾರವನ್ನು ಇನ್ನೊಮ್ಮೆ ಎದೆಯ ಮೇಲೆ ತಾಳಿಕೊಳ್ಳಲು ನಾನು ಸಿದ್ಧನಿದ್ದೇನೆ.