ಗ್ಲಾನಸೇವೆಯೂ ಸಂದೇಹವೂ

ತಪಸ್ಸು ಎಂದೊಡನೆ ಉಪವಾಸ, ಅವಮೌದರ್ಯ, ರಸಪರಿತ್ಯಾಗಗಳೇ ಶ್ರಾವಕರ ಮನಸ್ಸಿಗೆ ಮೊದಲು ಬರುವುದು ಸಹಜ. ಆದರೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಎಣಿಸಿರುವ ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯವೂ ಒಂದು. ಆ ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ‘ಗ್ಲಾನ’, ಅಂದರೆ ರೋಗದಿಂದ ಬಳಲಿದವನು, ಒಬ್ಬ. ಅಲ್ಲಿಯ ಮಾತು ಮುನಿಸಂಘವನ್ನು ಕುರಿತದ್ದಾದರೂ ಗೃಹಸ್ಥನ ಮನೆಗೂ ಅದು ದಾರಿದೀಪವೇ ಸರಿ. ಗಮನಿಸಬೇಕಾದ ಸಂಗತಿಯೆಂದರೆ, ಆ ಪಟ್ಟಿಯಲ್ಲಿ ಗ್ಲಾನನೆಂದಷ್ಟೇ ಇದೆ. ಯಾವ ರೋಗದಿಂದ ಗ್ಲಾನನಾದವನು ಎಂಬ ವಿಂಗಡಣೆಯಿಲ್ಲ. ಹಾಗಾದರೆ ರೋಗದ ಹೆಸರೇ ವಿವಾದಕ್ಕೆ ಗುರಿಯಾದಾಗ, ರೋಗಿಯು ಪ್ರಾಯಕ್ಕೆ ಬಂದ ಸ್ವಂತ ಮಗನೋ ಮಗಳೋ ಆಗಿರುವಾಗ, ತಂದೆತಾಯಿಗಳ ಧರ್ಮವೇನು? ಅಮೆರಿಕದ ಈಶಾನ್ಯ ರಾಜ್ಯಗಳ ಅನೇಕ ಮನೆಗಳನ್ನು ಕಾಡುತ್ತಿರುವ ಲೈಮ್ ರೋಗವು ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಮುಂದಿಡುತ್ತದೆ.

ಲೈಮ್ ಎಂಬುದು ಕನೆಕ್ಟಿಕಟ್ ರಾಜ್ಯದ ಒಂದು ಊರು. ಆ ಊರಿನ ಪಾಲಿ ಮರ್ರಿ ಎಂಬ ಗೃಹಿಣಿ ತನ್ನ ಮತ್ತು ತನ್ನ ಮಕ್ಕಳ ಕೀಲುನೋವು, ಊತ, ಚರ್ಮದ ಮೇಲಿನ ಕೆಂಪು ಗುರುತು ಮುಂತಾದ ಲಕ್ಷಣಗಳನ್ನು ವರ್ಷಗಟ್ಟಲೆ ಬರೆದಿಟ್ಟುಕೊಂಡಿದ್ದರು. ವೈದ್ಯರು ಅದನ್ನು ಮನಸ್ಸಿನ ಕಲ್ಪನೆಯೆಂದು ತಳ್ಳಿಹಾಕಿದ್ದೂ ಉಂಟು. 1975ರಲ್ಲಿ ಆಕೆಯೂ ನೆರೆಯ ಮತ್ತೊಬ್ಬ ತಾಯಿಯೂ ರಾಜ್ಯದ ಆರೋಗ್ಯ ಇಲಾಖೆಯ ಗಮನಕ್ಕೆ ಈ ವಿಷಯವನ್ನು ತಂದ ಬಳಿಕ ಯೇಲ್ ವಿಶ್ವವಿದ್ಯಾಲಯದ ಡಾ. ಆಲನ್ ಸ್ಟೀರ್ ಮತ್ತು ಸಂಗಡಿಗರು ತನಿಖೆ ನಡೆಸಿದರು. 1977ರಲ್ಲಿ ಪ್ರಕಟವಾದ ಅವರ ವರದಿಯು ಒಂದಕ್ಕೊಂದು ಹೊಂದಿಕೊಂಡ ಮೂರು ಊರುಗಳ 39 ಮಕ್ಕಳು ಮತ್ತು 12 ಮಂದಿ ವಯಸ್ಕರನ್ನು ಕುರಿತದ್ದು. 1981ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿಯು ಉಣುಗಿನ ಕರುಳಿನಲ್ಲಿ ಸುರುಳಿಯಾಕಾರದ ಜೀವಾಣುವನ್ನು ಕಂಡರು. ಆ ಜೀವಾಣುವಿಗೆ ಮುಂದೆ ಅವರ ಹೆಸರೇ ನಿಂತಿತು.

ಈ ರೋಗವನ್ನು ಹರಡುವ ಉಣುಗಿನ ಮರಿಯು ಗಸಗಸೆ ಕಾಳಿಗಿಂತ ದೊಡ್ಡದಲ್ಲ. ಕಚ್ಚಿದ್ದು ಎಷ್ಟೋ ಜನರಿಗೆ ತಿಳಿಯುವುದೇ ಇಲ್ಲ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 4,76,000 ಮಂದಿ ಈ ರೋಗಕ್ಕೆ ಚಿಕಿತ್ಸೆ ಪಡೆಯುತ್ತಾರೆಂದು ಅಲ್ಲಿಯ ರೋಗನಿಯಂತ್ರಣ ಕೇಂದ್ರವು ಅಂದಾಜು ಮಾಡಿದೆ. ಎರಡರಿಂದ ನಾಲ್ಕು ವಾರಗಳ ಔಷಧದಿಂದ ಬಹುಪಾಲು ಜನ ಗುಣಹೊಂದುತ್ತಾರೆ. ಆದರೆ ನೂರಕ್ಕೆ ಐದರಿಂದ ಹತ್ತು ಮಂದಿಯಲ್ಲಿ ದಣಿವು, ಮೈಕೈನೋವು, ಮಂಕು ಕವಿದಂಥ ಮರೆವು ಆರು ತಿಂಗಳು ದಾಟಿಯೂ ಉಳಿಯುತ್ತವೆ. ಇದಕ್ಕೆ ಕಾರಣವೇನೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಜೀವಾಣು ದೇಹದಲ್ಲಿ ಅಡಗಿ ಉಳಿದಿದೆಯೆಂದು ನಂಬುವವರು ಇದನ್ನು ‘ದೀರ್ಘಕಾಲದ ಲೈಮ್’ ಎನ್ನುತ್ತಾರೆ. ಬಹುಪಾಲು ತಜ್ಞರು ಆ ಹೆಸರನ್ನು ಒಪ್ಪುವುದಿಲ್ಲ. ಸೋಂಕು ತಗುಲಿದ್ದಕ್ಕೆ ಆಧಾರವೇ ಇಲ್ಲದವರಿಗೂ ಆ ಹೆಸರನ್ನು ಅಂಟಿಸಲಾಗುತ್ತಿದೆಯೆಂಬುದು ಅವರ ಆಕ್ಷೇಪ. ತಿಂಗಳುಗಟ್ಟಲೆ ಜೀವಾಣುನಾಶಕ ಔಷಧ ಕೊಟ್ಟು ನೋಡಿದ ಅಮೆರಿಕದ ಪ್ರಯೋಗಗಳು 2001ರಲ್ಲಿಯೂ, ನೆದರ್ಲೆಂಡ್ಸ್ ದೇಶದ ಪ್ರಯೋಗ 2016ರಲ್ಲಿಯೂ ಪ್ರಕಟವಾದವು; ಬರಿದೇ ಔಷಧದಂತೆ ತೋರುವ ವಸ್ತುವನ್ನು ಪಡೆದವರಿಗಿಂತ ಔಷಧ ಪಡೆದವರು ಹೆಚ್ಚಿಗೆ ಸುಧಾರಿಸಿದ್ದು ಅವುಗಳಲ್ಲಿ ಕಾಣಲಿಲ್ಲ.

ಇಂಥ ಸ್ಥಿತಿಯಲ್ಲಿ ಒಂದು ಮನೆಯನ್ನು ಭಾವಿಸಿಕೊಳ್ಳೋಣ. ಇಪ್ಪತ್ತೆಂಟು ವರ್ಷದ ಮಗಳು ಉದ್ಯೋಗ ಬಿಟ್ಟು, ಬಾಡಿಗೆ ಮನೆ ಬಿಟ್ಟು, ತಂದೆತಾಯಿಗಳ ಮನೆಗೆ ಹಿಂದಿರುಗಿದ್ದಾಳೆ. ಒಂದು ದಿನ ತೋಟದಲ್ಲಿ ಅಡ್ಡಾಡುತ್ತಾಳೆ. ಮರುದಿನ ಹಾಸಿಗೆಯಿಂದ ಏಳಲಾರಳು. ತಾಯಿಗೆ ಮಗಳ ಮಾತೆಲ್ಲ ನಿಜ. ತಂದೆಗೆ ರಕ್ತಪರೀಕ್ಷೆಯ ಕಾಗದವೇ ನಿಜ. ವೈದ್ಯನೊಬ್ಬ ಎದೆಯ ಬಳಿ ನಳಿಕೆ ಸೇರಿಸಿ ತಿಂಗಳುಗಟ್ಟಲೆ ಔಷಧ ಹರಿಸುವೆನೆಂದು ಹೇಳಿದ್ದಾನೆ. ವಿಮೆಯವರು ಅದಕ್ಕೆ ಹಣ ಕೊಡರು. ನಿವೃತ್ತಿಗೆಂದು ಕೂಡಿಟ್ಟ ಹಣವನ್ನು ತೆಗೆಯಬೇಕೆ? ಮನೆಯನ್ನು ಅಡವಿಡಬೇಕೆ? ಹೀಗೆ ಕೇಳಿಕೊಳ್ಳುತ್ತಿರುವ ತಂದೆಯನ್ನು ಮಗಳು ಕೇಳುತ್ತಾಳೆ: “ನಿಮಗೆ ನನ್ನ ಮೇಲೆ ನಂಬಿಕೆ ಇದೆಯೇ, ಇಲ್ಲವೇ?”

ಈ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಬೆರೆತಿವೆ. ನೋವಿದೆಯೆಂದು ನಂಬುವಿರಾ ಎಂಬುದು ಒಂದು. ನೋವಿಗೆ ಕೊಟ್ಟ ಕಾರಣವನ್ನು ನಂಬುವಿರಾ ಎಂಬುದು ಇನ್ನೊಂದು. ವೇದನೆಯನ್ನು ಅನುಭವಿಸುವ ಜೀವವೇ ಅದಕ್ಕೆ ನೇರ ಸಾಕ್ಷಿ. ಆ ಸಾಕ್ಷ್ಯವನ್ನು ತಿರಸ್ಕರಿಸುವ ಅಧಿಕಾರ ತಂದೆಗೂ ಇಲ್ಲ, ವೈದ್ಯನಿಗೂ ಇಲ್ಲ. ಕಾರಣವಾದರೋ ಪರೀಕ್ಷೆಗೆ ಒಳಪಡುವ ವಿಷಯ. ಅಲ್ಲಿ ಮಗಳ ಪ್ರೀತಿಯಾಗಲಿ ತಾಯಿಯ ಕಣ್ಣೀರಾಗಲಿ ಪ್ರಮಾಣವಾಗಲಾರವು. ಅನೇಕಾಂತವೆಂದರೆ ಎಲ್ಲರ ಮಾತೂ ಸಮನಾಗಿ ಸರಿಯೆಂದು ತಲೆಯಾಡಿಸುವುದಲ್ಲ. ಯಾವ ಮಾತು ಯಾವ ನಯದಿಂದ ಹೊರಟಿತು, ಅದರ ಎಲ್ಲೆ ಎಲ್ಲಿಯವರೆಗೆ ಎಂದು ತಿಳಿಯುವುದು. “ರಕ್ತದಲ್ಲಿ ಏನೂ ಕಾಣಲಿಲ್ಲ” ಎಂಬ ಮಾತು ರಕ್ತದ ಮಟ್ಟಿಗೆ ಸತ್ಯ. “ನಿನಗೆ ಏನೂ ಆಗಿಲ್ಲ” ಎಂದಾಗ ಅದು ತನ್ನ ಎಲ್ಲೆಯನ್ನು ಮೀರುತ್ತದೆ. “ಸಹಿಸಲಾಗದ ನೋವಿದೆ” ಎಂಬುದು ಸತ್ಯ. “ಆದ್ದರಿಂದ ಜೀವಾಣು ಉಳಿದೇ ಇದೆ” ಎಂದಾಗ ಅದೂ ಎಲ್ಲೆ ಮೀರುತ್ತದೆ. ಪಾಲಿ ಮರ್ರಿಯವರ ಕಥೆಯಿಂದ ಒಬ್ಬ ತಾಯಿಯ ಮಾತಿಗೆ ಕಿವಿಗೊಡದಿರುವುದು ಎಂಥ ತಪ್ಪೆಂದು ಕಲಿಯಬೇಕು. ಅಂದು ವೈದ್ಯರು ತಪ್ಪಿದರಾದ್ದರಿಂದ ಇಂದೂ ಎಲ್ಲ ವೈದ್ಯರೂ ತಪ್ಪುತ್ತಿದ್ದಾರೆಂಬ ತೀರ್ಮಾನ ಮಾತ್ರ ಅದರಿಂದ ಹೊರಡುವುದಿಲ್ಲ.

ಹೀಗಿರುವಲ್ಲಿ ತಂದೆಯು ಸೇವೆಯನ್ನು ನಿರ್ಣಯದ ತನಕ ಮುಂದೂಡಬೇಕಾಗಿಲ್ಲ. ಬಿಸಿ ಊಟ, ಕತ್ತಲೆ ಮಾಡಿದ ಕೋಣೆ, ಆಸ್ಪತ್ರೆಗೆ ಜೊತೆ, ಮರೆತ ಮಾತನ್ನು ಬೇಸರಿಸದೆ ಮತ್ತೊಮ್ಮೆ ಹೇಳುವ ತಾಳ್ಮೆ, ಇವಾವುದಕ್ಕೂ ಪ್ರಯೋಗಾಲಯದ ಮೊಹರು ಬೇಕಿಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯನ್ನು ರೋಗಿಯ ಮಲಿನ ದೇಹಕ್ಕೆ ಹೇಸದಿರುವುದೆಂದು ವಿವರಿಸುವುದು ವಾಡಿಕೆ. ಹೊರಗೆ ಗಾಯವಿಲ್ಲದ, ಮುಖದಲ್ಲಿ ಕಳೆ ಮಾಸದ ರೋಗಿಯ ವಿಷಯದಲ್ಲಿ ಹೇಸಿಗೆಯು ಬೇರೊಂದು ರೂಪ ತಾಳುತ್ತದೆ, ಅದೇ ಸಂಶಯ. “ನಿನ್ನೆ ಚೆನ್ನಾಗಿಯೇ ಇದ್ದೆಯಲ್ಲ” ಎಂಬ ಮಾತು ಒಳ್ಳೆಯ ದಿನವನ್ನೇ ರೋಗಿಯ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸುತ್ತದೆ. ಅಂಥ ಮನೆಯಲ್ಲಿ ರೋಗಿಯು ಸುಖವಾದ ಗಳಿಗೆಯನ್ನೂ ಬಚ್ಚಿಡುವುದನ್ನು ಕಲಿಯುತ್ತಾಳೆ.

ಮತ್ತೆ ಕೆಲವರು “ಎಲ್ಲ ಅಸಾತಾವೇದನೀಯ ಕರ್ಮದ ಫಲ” ಎಂದು ನಿಟ್ಟುಸಿರಿಟ್ಟು ಸುಮ್ಮನಾಗುವುದುಂಟು. ಕರ್ಮಸಿದ್ಧಾಂತವು ತನ್ನ ದುಃಖವನ್ನು ತಾಳಿಕೊಳ್ಳಲು ಬಲ ಕೊಡುವಂಥದು. ಪರರ ದುಃಖದಿಂದ ಮುಖ ತಿರುಗಿಸಲು ಕೊಟ್ಟ ರಹದಾರಿಯಲ್ಲ. ಬೇರೆಯವರ ಖಾತೆಯ ಪುಸ್ತಕ ಕೇವಲಿಗೆ ಮಾತ್ರ ಕಾಣತಕ್ಕದ್ದು. ಶ್ರಾವಕನಿಗೆ ತೆರೆದಿರುವುದು ತನ್ನ ಖಾತೆಯೊಂದೇ. ಅದರಲ್ಲಿ ಇಂದು ವೈಯಾವೃತ್ಯ ಜಮೆಯಾಯಿತೇ, ಪ್ರಮಾದವೇ ಎಂಬುದನ್ನು ನೋಡಿಕೊಂಡರೆ ಸಾಕು.

ಇನ್ನು ಹಣದ ಮಾತು. ಪುತ್ರವಾತ್ಸಲ್ಯಕ್ಕೆ ಮಿತಿಯಿಲ್ಲವೆಂಬುದು ಕೇಳಲು ಸೊಗಸಾದ ಮಾತು. ಆದರೆ ಮನೆಯಲ್ಲಿ ಪತ್ನಿಯಿದ್ದಾಳೆ, ಇತರ ಮಕ್ಕಳಿದ್ದಾರೆ, ಬರಲಿರುವ ಮುಪ್ಪಿದೆ. ಫಲವಿಲ್ಲವೆಂದು ಪ್ರಯೋಗಗಳಲ್ಲಿ ಕಂಡ ಔಷಧಕ್ಕೆ ಮನೆಯನ್ನು ಅಡವಿಡುವುದು ತ್ಯಾಗವೆನಿಸಲಾರದು. ಅದು ಹಾನಿಗೂ ದಾರಿ: ಇಂಥ ನಳಿಕೆಯ ಚಿಕಿತ್ಸೆಯಿಂದ ರಕ್ತಕ್ಕೆ ಬೇರೆ ಸೋಂಕು ತಗುಲಿ ಪ್ರಾಣಾಪಾಯವಾದ ಉದಾಹರಣೆಗಳನ್ನು ಅದೇ ರೋಗನಿಯಂತ್ರಣ ಕೇಂದ್ರವು 2017ರಲ್ಲಿ ಪ್ರಕಟಿಸಿದೆ. ತಂದೆಯು “ಈ ಚಿಕಿತ್ಸೆಗೆ ನಾನು ಹಣ ಕೊಡಲಾರೆ, ನಿನ್ನ ಊಟ, ವಸತಿ, ನಿದ್ರೆ, ನೋವುಗಳಿಗೆ ಬೇಕಾದ ವೈದ್ಯಕ್ಕೆ ನನ್ನಿಂದಾದುದನ್ನೆಲ್ಲ ಕೊಡುತ್ತೇನೆ” ಎಂದರೆ ಅದು ನಿರಾಕರಣೆಯೂ ಹೌದು, ಸೇವೆಯೂ ಹೌದು. ಸತ್ಯಾಣುವ್ರತವು ಮಕ್ಕಳೊಡನೆಯೂ ನಡೆಯಬೇಕು. ನಂಬದುದನ್ನು ನಂಬಿದಂತೆ ನಟಿಸಿ ಹಣ ಕೊಡುವುದು ಆ ವ್ರತಕ್ಕೆ ಅತಿಚಾರವೇ.

ಆದರೆ ಕೊನೆಯ ನಿರ್ಧಾರ ಯಾರದು? ಹದಿನೆಂಟು ತುಂಬಿದವರ ವೈದ್ಯಕೀಯ ವಿವರಗಳು ಅವರವೇ ಎಂದು ಅಮೆರಿಕದ ಕಾನೂನು ಭಾವಿಸುತ್ತದೆ; ತಂದೆತಾಯಿಗಳಿಗೆ ತಾವಾಗಿ ಅದರ ಮೇಲೆ ಹಕ್ಕಿಲ್ಲ. 1993ರ ಕುಟುಂಬ ರಜೆಯ ಕಾಯಿದೆಯು ಅರ್ಹ ನೌಕರನಿಗೆ ರೋಗಿಯ ಶುಶ್ರೂಷೆಗೆಂದು ವರ್ಷಕ್ಕೆ ಹನ್ನೆರಡು ವಾರಗಳ ವೇತನರಹಿತ ರಜೆಯನ್ನು ಕೊಡುತ್ತದಾದರೂ, ಹದಿನೆಂಟು ದಾಟಿದ ಮಗಳಿಗಾಗಿ ಅದನ್ನು ಕೇಳಬೇಕಾದರೆ ಆಕೆ ಅಂಗವೈಕಲ್ಯದಿಂದ ತನ್ನನ್ನು ತಾನು ನೋಡಿಕೊಳ್ಳಲಾರದವಳಾಗಿರಬೇಕು. ಕಾನೂನು ಹೀಗೆ ಗೆರೆ ಎಳೆದು ಸುಮ್ಮನಾಗುತ್ತದೆ, ಧರ್ಮವು ಸುಮ್ಮನಾಗುವಂತಿಲ್ಲ. ಮಗಳು ತಂದೆತಾಯಿಗಳ ಪರಿಗ್ರಹವಲ್ಲ; ಸ್ವತಂತ್ರ ಜೀವ. ಆಕೆಯ ದೇಹ ದುರ್ಬಲವಾಯಿತೆಂದು ಆಕೆಯ ವಿವೇಕವನ್ನು ಕೈವಶ ಮಾಡಿಕೊಳ್ಳಲಾಗದು. ತಿಳಿದುದನ್ನು ಒಮ್ಮೆ ಸ್ಪಷ್ಟವಾಗಿ ಹೇಳಬೇಕು, ಕೇಳಿದರೆ ಮತ್ತೊಮ್ಮೆ ಹೇಳಬೇಕು. ಆಮೇಲೆ ಆಕೆ ಬೇರೆ ದಾರಿ ಹಿಡಿದರೂ ಅನ್ನದ ತಟ್ಟೆ ಹಿಂದೆ ಸರಿಯಬಾರದು.

ಇವೆಲ್ಲಕ್ಕಿಂತ ಸೂಕ್ಷ್ಮವಾದ ಕಷ್ಟವೊಂದಿದೆ. ಪ್ರತಿದಿನ ಬೆಳಗ್ಗೆ “ಇಂದು ಹೇಗಿದ್ದೀಯೆ?” ಎಂದು ಕೇಳುವ ತಂದೆಯ ದನಿಯಲ್ಲಿ, ಆತನಿಗೇ ಅರಿವಿಲ್ಲದಂತೆ, ಸಾಲಗಾರನ ಬಾಗಿಲಲ್ಲಿ ನಿಂತ ಸಾಹುಕಾರನ ಆತುರ ಸೇರಿಕೊಂಡಿರುತ್ತದೆ. ಇಷ್ಟು ಮಾಡಿದೆನಲ್ಲ, ಇನ್ನೂ ಗುಣವಾಗಲಿಲ್ಲವೇ ಎಂಬ ವಸೂಲಿ ಅದು. ಮಗಳು ಬೇಗ ಗುಣವಾಗಲೆಂಬ ಹಾರೈಕೆಯಲ್ಲಿ ಎಷ್ಟು ಪಾಲು ಆಕೆಗಾಗಿ, ಎಷ್ಟು ಪಾಲು ತನ್ನ ಮನಶ್ಶಾಂತಿಗಾಗಿ ಎಂದು ತಂದೆಯು ಒಮ್ಮೆ ತನ್ನನ್ನೇ ಕೇಳಿಕೊಳ್ಳುವುದು ಒಳ್ಳೆಯದು. ವೈಯಾವೃತ್ಯವನ್ನು ಆಚಾರ್ಯರು ತಪಸ್ಸಿನ ಸಾಲಿನಲ್ಲಿ ಇಟ್ಟಿರುವುದರ ಮರ್ಮ ಇಲ್ಲಿದೆ. ದಾನವಾದರೆ ಕೊಟ್ಟ ಗಳಿಗೆಗೆ ಮುಗಿಯುತ್ತದೆ. ತಪಸ್ಸು ಮುಗಿಯುವ ದಿನಾಂಕವನ್ನು ಕೇಳದೆ ನಡೆಯಬೇಕು. ಅದು ಕರಗಿಸುವುದು ಮಾಡುವವನ ಕಷಾಯಗಳನ್ನು.

ರೋಗ ಗುಣವಾಗಬಹುದು, ಆಗದೆಯೂ ಇರಬಹುದು. ವಿಜ್ಞಾನವು ಮುಂದೊಂದು ದಿನ ಕಾರಣವನ್ನು ಕಂಡುಹಿಡಿದು ಮಗಳ ಮಾತನ್ನೋ ತಂದೆಯ ಮಾತನ್ನೋ ಸುಳ್ಳಾಗಿಸಬಹುದು. ಅಂದು ಯಾರ ವಾದ ಗೆದ್ದಿತೆಂಬುದು ದೊಡ್ಡ ಸಂಗತಿಯಾಗದು. ಕಾರಣ ತಿಳಿಯದಿದ್ದ ವರ್ಷಗಳಲ್ಲಿ ಆ ಕತ್ತಲೆ ಕೋಣೆಯ ಬಾಗಿಲಿಗೆ ಯಾರು ನೀರಿನ ಲೋಟ ಹಿಡಿದು ಬಂದರು, ಬಂದವರು ಏನೂ ಕೇಳದೆ ಎಷ್ಟು ಹೊತ್ತು ಕುಳಿತರು ಎಂಬುದಷ್ಟೇ ಆ ಇಬ್ಬರ ಮನಸ್ಸಿನಲ್ಲೂ ಉಳಿಯುತ್ತದೆ.